ಹೂವು ಬಲಕ್ಕೆ ಬಿದ್ದ ಮೇಲೆ

ಹೂವು ಬಲಕ್ಕೆ ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ಚಿಂತೆ ಮಾಡುವವಳು ನಾನೊಬ್ಬಳೇ ಆದೆ. ಅದಕ್ಕೂ ಮೊದಲು ಆ ಕೆಲಸವನ್ನು ಎಲ್ಲರೂ ಹಂಚಿಕೊಂಡಿದ್ದೆವು. ಅಕ್ಕ ಸೊಳ್ಳೆಯ ಬಗ್ಗೆ ಚಿಂತಿಸುತ್ತಿದ್ದಳು, ನಮ್ಮ ತಾಯಿ, ಆಯಿ, ಆನೆಯ ಬಗ್ಗೆ. ಭಾವ ಫೋನಿನ ಆ ತುದಿಯಲ್ಲಿ ಕುಳಿತು, ವಿಮಾನ ಬದಲಿಸುವಲ್ಲಿ ಮಕ್ಕಳು ಎಲ್ಲಾದರೂ ತಪ್ಪಿಹೋದರೆ ಎಂದು ಚಿಂತಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಅಕ್ಕನ ಮಗನ ಉಸಿರು.

ಅವನಿಗೆ ಹದಿನಾಲ್ಕು ವರ್ಷ. ಚಿಕ್ಕಂದಿನಿಂದ ಉಬ್ಬಸ. ನಾವು ಅವನನ್ನು ಆಫ್ರಿಕಾದ ಕಾಡಿಗೆ, ಆಸ್ಪತ್ರೆಯಿಂದ ಬಹುದೂರಕ್ಕೆ, ಎದೆಯೆತ್ತರದ ಒಣಹುಲ್ಲಿನ ನಡುವೆ ನಡೆಸಲು ಕರೆದೊಯ್ಯುವವರಿದ್ದೆವು.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ನಾನು ದೇವರನ್ನು ನಂಬುವವಳಲ್ಲ. ಮುಂದೆ ನಾನು ಎರಡು ಸಲ ಗುಡಿಯ ಎದುರು ನಿಲ್ಲುತ್ತೇನೆ. ಅದನ್ನು ಓದಿ ಯಾರೂ ಇವಳು ಕೊನೆಗೆ ದಾರಿಗೆ ಬಂದಳು ಎಂದು ಸಮಾಧಾನ ಪಡಬೇಕಾಗಿಲ್ಲ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗೆಂದು ಊರೂರು ತಿರುಗಿದವಳು ನಾನು. ಈಗ ಕುಮಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಹುಡುಗರಿಗೆ ವಾದ ಮಾಡುವುದನ್ನೂ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ನಾನು ‘ಒಂದು ನಿಮಿಷ’ ಎಂದರೆ ಹಿರಿಯರು ಚಹಾದ ಲೋಟ ಎತ್ತಿಕೊಂಡು ಬೇರೆ ಕಡೆ ಹೋಗುತ್ತಾರೆ. ವಾದಗಿತ್ತಿ ಎಂಬ ಆ ಹೆಸರು ನನಗೆ ಇಷ್ಟವೇ.

ಎಲ್ಲ ಶುರುವಾದದ್ದು ಭಾವನ ಒಂದು ಫೋನಿನಿಂದ. ಅವರು ಮುರ್ಡೇಶ್ವರದ ಹೋಟೆಲೊಂದರಲ್ಲಿ ಅಡುಗೆ ಕಲಿತು, ಬಡ್ತಿ ಪಡೆದು, ಈಗ ಕೆಲವು ವರ್ಷಗಳಿಂದ ನೈರೋಬಿಯ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದಾರೆ. ಹೋಟೆಲಿನ ಯಜಮಾನರಿಗೆ ಕಾಡಿನಲ್ಲಿ ಡೇರೆ ನಡೆಸುವವರ ಪರಿಚಯವಿತ್ತು. ಕಡಿಮೆಯಲ್ಲಿ ಜಾಗ ಕೊಡಿಸುತ್ತೇನೆ ಎಂದಿದ್ದರು. ದಸರಾ ರಜೆಗೆ ಮಕ್ಕಳು ಬರಲಿ, ಸಿಂಹ ತೋರಿಸುತ್ತೇನೆ ಎಂದರು ಭಾವ. ಅಕ್ಕನಿಗೆ ಹೊನ್ನಾವರದ ಕಚೇರಿಯಲ್ಲಿ ಅಷ್ಟು ದಿನ ರಜೆ ಸಿಗುವ ಹಾಗಿರಲಿಲ್ಲ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವ ಹೊಣೆ ನನ್ನ ಮೇಲೆ ಬಂತು.

“ನಿಂಗೆ ಬಾಯಿ ಉಂಟಲ,” ಎಂದಳು ಅಕ್ಕ. “ಅಂಥ ದೊಡ್ಡ ವಿಮಾನ ನಿಲ್ದಾಣದಲ್ಲಿ ಬಾಯಿ ಇದ್ದವ್ರೇ ಬೇಕು.”

ಹೊನ್ನಾವರದ ಅವಳ ಮನೆಯ ಊಟದ ಮೇಜಿನ ಸುತ್ತ ಮೊದಲ ಸಭೆ ನಡೆಯಿತು. ಕುಮಟೆಯ ಹತ್ತಿರದ ನಮ್ಮೂರು ಬಾಡದಿಂದ ಆಯಿಯೂ ಬಂದಿದ್ದಳು. ಅಕ್ಕನ ಮಗಳು ಪಿಯುಸಿ ಮೊದಲ ವರ್ಷದವಳು, ನನ್ನದೇ ತಯಾರಿ. ಜಿಲ್ಲಾ ಮಟ್ಟದ ಸ್ಪರ್ಧೆಗೆ ಅವಳಿಗೆ ವಾದ ಕಲಿಸಿದವಳು ನಾನು. ಅವಳು ಫೋನನ್ನು ಲೋಟಕ್ಕೆ ಆನಿಸಿಟ್ಟು ಒಂದೊಂದೇ ಚಿತ್ರ ತೋರಿಸಿದಳು. ನದಿಯ ಪಕ್ಕ ಕ್ಯಾನ್ವಾಸಿನ ಡೇರೆಗಳು, ಒಳಗೆ ಮಂಚ, ಹೊರಗೆ ಎರಡು ಕುರ್ಚಿ. ಕುರ್ಚಿಯ ಆಚೆ ಹುಲ್ಲು, ಹುಲ್ಲಿನ ಆಚೆ ಇನ್ನೂ ಹುಲ್ಲು.

“ಇದ್ಕೆ ಬೇಲಿ ಇಲ್ಲ,” ಎಂದಳು, ಅದೇ ಅದರ ಹೆಚ್ಚುಗಾರಿಕೆ ಎಂಬಂತೆ.

“ಬೇಲಿ ಇಲ್ಲ ಅಂದ್ರೆ ಎಂತ?” ಅಕ್ಕ ಕೇಳಿದಳು.

“ಬೇಲಿ ಇಲ್ಲ ಅಂದ್ರೆ ಬೇಲಿ ಇಲ್ಲ. ಪ್ರಾಣಿ ಬರ್ತವೆ, ಹೋಗ್ತವೆ.”

“ಅಮ್ಮಮ್ಮನ ಮನೆ ದನದ ಹಾಂಗೆ,” ಎಂದು ಹುಡುಗ ಸೇರಿಸಿದ.

“ನಮ್ಮ ದನ ಯಾರನ್ನೂ ತಿಂದದ್ದಿಲ್ಲ ತಮಾ,” ಎಂದಳು ಆಯಿ.

ನಾನು ಬೇಲಿಯಿರುವ, ಹತ್ತಿರದಲ್ಲೇ ಸಣ್ಣ ಚಿಕಿತ್ಸಾಲಯವಿರುವ ಇನ್ನೊಂದು ಜಾಗವನ್ನು ಹುಡುಕಿಟ್ಟಿದ್ದೆ. ಅದರ ಪರವಾಗಿ ಮಾತಾಡಿದೆ. ಅಪಾಯ ಅಪರೂಪ ಎಂಬುದೂ, ಅದು ಬಂದರೆ ಏನಾಗುತ್ತದೆ ಎಂಬುದೂ ಬೇರೆಬೇರೆ ಪ್ರಶ್ನೆಗಳು ಎಂದೆ. ಹುಡುಗಿ ಕೈಕಟ್ಟಿ ಪೂರ್ತಿ ಕೇಳಿದಳು. ಅದೂ ನಾನೇ ಕಲಿಸಿದ್ದು, ಎದುರಿನವರನ್ನು ಪೂರ್ತಿ ಕೇಳಿಸಿಕೊಂಡರೆ ಅವರಿಗೆ ಧೈರ್ಯ ಕುಗ್ಗುತ್ತದೆ ಎಂದು.

“ಚಿಕ್ಕಿ, ನಮ್ಮ ಹೈವೇ ದಾಟೂದು ಅದ್ಕಿಂತ ಜಾಸ್ತಿ ಅಪಾಯ.”

“ಲೆಕ್ಕ ಉಂಟಾ ನಿನ್ನ ಹತ್ರ?”

“ಇಲ್ಲ. ನಿನ್ನ ಹತ್ರನೂ ಇಲ್ಲಲ. ಹೆದ್ರಿಕೆ ಬಿಟ್ರೆ ಬೇರೆ ಎಂತ ಉಂಟು ನಿನ್ನ ಹತ್ರ? ಹೆದ್ರಿಕೆ ವಾದ ಅಲ್ಲ ಅಂತ ನೀನೇ ಹೇಳ್ಕೊಟ್ಟದ್ದು.”

ಇಲ್ಲಿಯವರೆಗೆ ಅದು ಆಟ. ಆಟ ನಿಂತದ್ದು ಹುಡುಗ ಬಾಯಿ ತೆರೆದಾಗ. ಶಾಲೆಯ ಕ್ರೀಡಾದಿನಗಳಲ್ಲಿ ಉಳಿದವರ ನೀರಿನ ಬಾಟಲಿ ಕಾಯುತ್ತಾ ಕಟ್ಟೆಯ ಮೇಲೆ ಕುಳಿತು ಬೆಳೆದವನು ಅವನು. ಹೆಚ್ಚು ಮಾತಾಡುವವನಲ್ಲ.

“ಆ ಡೇರೆಯವ್ರು ಬೆಳಿಗ್ಗೆ ನಡ್ಸಿ ಕರ್ಕೊಂಡು ಹೋಗ್ತಾರೆ,” ಎಂದ. “ಮುಂದೆ ಒಬ್ರು ಬಂದೂಕು ಹಿಡ್ಕಂಡು, ಹಿಂದೆ ನಾವು. ಜೀಪಲ್ಲಿ ಕೂತು ನೋಡೂದಾದ್ರೆ ಇಲ್ಲೇ ಟಿವಿ ನೋಡ್ಲಕ್ಕು. ನಂಗೆ ನಡೀಬೇಕು.”

ಅಕ್ಕ ನನ್ನನ್ನು ನೋಡಿದಳು. ನನ್ನ ಬಳಿ ಇದ್ದ ಉತ್ತರವನ್ನು ಅವನ ಮುಖ ನೋಡಿಕೊಂಡು ಹೇಳುವುದು ಸಾಧ್ಯವಿರಲಿಲ್ಲ.

ಹೊನ್ನಾವರದಲ್ಲಿ ಅವನನ್ನು ಚಿಕ್ಕಂದಿನಿಂದ ನೋಡುವ ಡಾಕ್ಟರು ಹೋಗಬಾರದು ಎನ್ನಲಿಲ್ಲ. ಎಂದಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಕಂದು ಬಣ್ಣದ ಪಂಪು ದಿನಾ ಬೆಳಿಗ್ಗೆ ಸಂಜೆ, ಒಂದು ದಿನವೂ ತಪ್ಪದೆ, ಇವತ್ತಿನಿಂದಲೇ. ಅದು ಎದೆಯನ್ನು ಒಳಗಿನಿಂದ ಗಟ್ಟಿ ಮಾಡುವಂಥದ್ದು. ಉಸಿರು ಕಟ್ಟಿದರೆ ನೀಲಿ ಪಂಪು; ಅದು ಯಾವಾಗಲೂ ಕಿಸೆಯಲ್ಲಿರಬೇಕು. ಹುಲ್ಲು, ಧೂಳು, ಬೆಳಗಿನ ಚಳಿ ಮೂರೂ ಅವನಿಗೆ ಆಗುವುದಿಲ್ಲ. ಆದರೆ ಕಂದು ಪಂಪು ಸರಿಯಾಗಿ ತೆಗೆದುಕೊಂಡರೆ ಸ್ವಲ್ಪ ನಡೆಯಬಹುದು. ಇಷ್ಟು ಹೇಳಿ ಅವರು ಹುಡುಗನನ್ನು ಕೇಳಿದರು, “ಸಿಂಹ ಕಂಡ್ರೆ ಓಡ್ತ್ಯಾ?”

“ಓಡ್ಬಾರ್ದಂತೆ. ನಿಂತ್ಕಳ್ಬೇಕಂತೆ.”

“ಹಾಂಗಾರೆ ನಿಂಗೆ ಸಮಾ ಆತು,” ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಆ ಡೇರೆಯವರಿಗೆ ಪತ್ರ ಬರೆದು ಕೇಳಿದ್ದೆ. ತೀರಾ ಕಷ್ಟವಾದರೆ ಸಣ್ಣ ವಿಮಾನ ಬರುತ್ತದೆ, ಆದರೆ ಕತ್ತಲಾದ ಮೇಲೆ ಅದು ಇಳಿಯಲಾರದು ಎಂದು ಅವರು ಬಹಳ ಮರ್ಯಾದೆಯಿಂದ ಉತ್ತರಿಸಿದ್ದರು. ಬೆಳಕಿರುವಾಗ ಮಾತ್ರ ಬರುವ ಸಹಾಯದ ಬಗ್ಗೆ ನಾನು ದಿನವಿಡೀ ಯೋಚಿಸುತ್ತಿದ್ದೆ. ತರಗತಿಯಲ್ಲಿ ಪಾಠ ಹೇಳುವಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಕೈ ತೊಳೆಯುವಾಗ.

ಟಿಕೆಟ್ಟಿಗೆಂದು ಭಟ್ಕಳಕ್ಕೆ ಹೋದೆ. ಅಲ್ಲಿ ಎಷ್ಟೋ ಮನೆಗಳಿಂದ ಕೊಲ್ಲಿ ದೇಶಗಳಿಗೆ ಹೋಗಿಬರುವವರಿದ್ದಾರೆ, ಹಾಗಾಗಿ ವಿದೇಶದ ಟಿಕೆಟ್ಟು ಮಾಡಿಸುವ ಅಂಗಡಿಗಳೂ ಬಹಳ. ನಾನು ಹೋದ ಅಂಗಡಿಯ ಯಜಮಾನರು ಬಿಳಿಗಡ್ಡದವರು. ಪಕ್ಕದವರೊಂದಿಗೆ ತಮ್ಮ ನವಾಯತಿ ಭಾಷೆಯಲ್ಲಿ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ನನ್ನ ಕಡೆ ತಿರುಗಿದರು.

“ನೈರೋಬಿ? ಕೆಲಸಕ್ಕಾ ಮೇಡಂ?”

“ಅಲ್ಲ. ಕಾಡು ನೋಡಲು. ಮಕ್ಕಳನ್ನು ಕರ್ಕೊಂಡು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಮ್ಮ ಗಿರಾಕಿ ಎಲ್ಲಾ ದುಡ್ಡು ತರಲಿಕ್ಕೆ ಹೋಗೋರು. ದುಡ್ಡು ಕೊಟ್ಟು ಹುಲಿ ಬಾಯಿಗೆ ಹೋಗೋರು ನೀವೇ ಮೊದಲು.”

“ಅಲ್ಲಿ ಹುಲಿ ಇಲ್ಲ. ಸಿಂಹ.”

“ಹಾಂ, ಸಿಂಹ. ಕಲಿತವರು ನೀವು, ಯಾರು ತಿನ್ನೋದು ಅಂತ ಸರಿಯಾಗಿ ಗೊತ್ತಿರಬೇಕು.” ಆಮೇಲೆ ಅವರೇ ನೆನಪಿಸಿದರು, ಹಳದಿ ಜ್ವರದ ಚುಚ್ಚುಮದ್ದಿಗೆ ಗೋವಾಕ್ಕೆ ಹೋಗಿಬರಬೇಕು ಎಂದು. ಅದಿಲ್ಲದಿದ್ದರೆ ಹೋಗುವುದಕ್ಕಿಂತ ಮರಳಿ ಬರುವುದೇ ಕಷ್ಟ, ನಮ್ಮ ದೇಶದವರೇ ಬಾಗಿಲಲ್ಲಿ ತಡೆಯುತ್ತಾರೆ. ಮರಳಿ ಬರುವುದು ಕಷ್ಟ ಎಂಬ ಮಾತು ಮಾತ್ರ ಭಟ್ಕಳದಿಂದ ಕುಮಟೆಯವರೆಗೆ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು.

ಅಷ್ಟರಲ್ಲಿ ಆಯಿ ತನ್ನ ದಾರಿ ಹಿಡಿದಿದ್ದಳು. ಸಮುದ್ರ ದಾಟುವುದೆಂದರೆ ಊರ ದೇವಿಯನ್ನು ಕೇಳದೆ ಆಗುವುದಿಲ್ಲ, ಅಳಿಯ ಹೊರಡುವಾಗಲೂ ಕೇಳಿದ್ದೆ ಎಂದಳು. ಕೇಳುವುದೆಂದರೆ ಪ್ರಸಾದ ಕೇಳುವುದು. ದೇವಿಯ ವಿಗ್ರಹಕ್ಕೆ ಎರಡೂ ಬದಿ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ, ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿ ಕಾಯುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮದುವೆ, ಮನೆ, ಬಾವಿ, ದೋಣಿ, ನಮ್ಮ ಕಡೆ ಇದನ್ನು ಕೇಳದೆ ಶುರುವಾದದ್ದು ಕಡಿಮೆ.

“ಒದ್ದೆ ಎಸಳು ಒಣಗಿದ ಕೂಡ್ಲೇ ಬೀಳ್ತದೆ ಆಯಿ. ದೀಪ ಯಾವ ಬದಿಗೆ ಹತ್ರ ಉಂಟೋ ಆ ಬದಿದು ಬೇಗ ಒಣಗ್ತದೆ.”

“ಆತು. ದೀಪ ಯಾವ ಬದಿಗೆ ಇಡ್ಬೇಕು ಅಂತ ಯಾರಿಗೆ ಬುದ್ಧಿ ಬರ್ತದೆ, ಅದೂ ಅವ್ಳೇ ಕೊಡೂದು.”

ಇಂಥ ವಾದಕ್ಕೆ ಎದುರಿಲ್ಲ. ಯಾವ ಕಡೆಯಿಂದ ತಳ್ಳಿದರೂ ಅದು ತನ್ನ ಕಡೆಗೇ ವಾಲುತ್ತದೆ.

ಆ ಬೆಳಿಗ್ಗೆ ಬಾಡದ ಗುಡಿಯಲ್ಲಿ ನಮಗಿಂತ ಮೊದಲು ಇಬ್ಬರು ಅಣ್ಣತಮ್ಮಂದಿರಿದ್ದರು. ಬಾವಿಯ ನೀರಿಗಾಗಿ ಜಗಳವಾಡಿಕೊಂಡು ಬಂದು, ದೇವಿಯ ನಡೆಯಲ್ಲಿ, ಅಂದರೆ ಗರ್ಭಗುಡಿಯ ಎದುರಿನ ಕಲ್ಲಿನ ಮೇಲೆ, ನಿಂತು ಒಬ್ಬರಿಗೊಬ್ಬರು ಮಾತು ಕೊಟ್ಟರು. ನಡೆಯಲ್ಲಿ ಆಡಿದ ಮಾತಿಗೆ ಯಾರೂ ತಪ್ಪುವುದಿಲ್ಲವಂತೆ. ಅವರು ಇಳಿದ ಮೇಲೆ ಪೂಜೆ ಮಾಡುವ ಗುನಗರು ಎಸಳು ಅಂಟಿಸಿದರು. ಆಯಿ ಕೈಮುಗಿದು ಕೇಳಿದಳು, “ಮಕ್ಕಳು ಸಮುದ್ರ ದಾಟಿ ಹೋಗಿಬರೂದು ಆಗೂದೋ, ಅಲ್ವೋ. ಬಿಡಿಸಿ ಹೇಳಬೇಕು ತಾಯೇ.”

ಕಾದೆವು. ನಾನು ಗೋಡೆಗೆ ಒರಗಿ ನಿಂತಿದ್ದೆ. ಆಗ ನನಗೆ ನನ್ನೊಳಗಿನ ಸಂಗತಿಯೊಂದು ತಿಳಿಯಿತು. ಎಡಕ್ಕೆ ಬೀಳಲಿ ಎಂದು ನಾನು ಬಯಸುತ್ತಿದ್ದೆ. ಬಿದ್ದರೆ ಪ್ರವಾಸ ನಿಲ್ಲುತ್ತದೆ, ನಿಲ್ಲಿಸಿದವಳು ನಾನಲ್ಲ. ಮೂಢನಂಬಿಕೆಯ ವಿರುದ್ಧ ಎಲ್ಲರೆದುರು ಕೂಗಾಡಬಹುದು, ಒಳಗೊಳಗೇ ಹಗುರಾಗಬಹುದು. ಪ್ರಾರ್ಥಿಸಿದೆ ಎನ್ನಲಾರೆ, ಬಯಸಿದೆ. ಎರಡಕ್ಕೂ ವ್ಯತ್ಯಾಸವೇನು ಎಂದು ವೇದಿಕೆಯ ಮೇಲೆ ಯಾರಾದರೂ ಕೇಳಿದ್ದರೆ ನನ್ನ ಸಮಯವೆಲ್ಲ ತಡವರಿಸುವುದರಲ್ಲೇ ಮುಗಿಯುತ್ತಿತ್ತು.

ಎಸಳು ಬಲಕ್ಕೆ ಬಿತ್ತು.

ಅಕ್ಕ ಕಣ್ಣೊರೆಸಿಕೊಂಡಳು. ಹುಡುಗಿ ತಮ್ಮನ ಬೆನ್ನಿಗೆ ಗುದ್ದಿದಳು. ಗುನಗರು “ಒಳ್ಳೇ ಪ್ರಸಾದ ಆತು” ಎಂದು ಎಸಳನ್ನು ಆಯಿಯ ಕೈಗೆ ಹಾಕಿದರು. ಅಲ್ಲಿಂದ ಮನೆಗೆ ನಡೆಯುವಷ್ಟರಲ್ಲಿ ಎಲ್ಲರ ಹೆಗಲ ಮೇಲಿದ್ದ ಭಾರ ಇಳಿದದ್ದು ನನಗೆ ಕಣ್ಣಿಗೆ ಕಾಣುವಂತಿತ್ತು. ಇಳಿಸಲು ಅವರಿಗೊಂದು ಜಾಗವಿತ್ತು, ನನಗೆ ಇರಲಿಲ್ಲ.

ಆಮೇಲೆ ಅಕ್ಕ ಏನನ್ನೂ ಕೇಳುವುದು ಬಿಟ್ಟಳು. ಮಲೇರಿಯಾ ಮಾತ್ರೆ ಯಾವಾಗ ಶುರು ಮಾಡಬೇಕು ಎಂದರೆ, “ಕೇಳುವಾ ನಿಧಾನಕ್ಕೆ” ಎನ್ನುತ್ತಿದ್ದಳು. ವಿಮೆಯಲ್ಲಿ ಉಬ್ಬಸಕ್ಕೆ ರಕ್ಷಣೆ ಉಂಟೋ ಇಲ್ಲವೋ ಎಂದು ನಾನು ಓದಿ ಹೇಳುತ್ತಿದ್ದರೆ ಅವಳು ಅಕ್ಕಿ ಆರಿಸುತ್ತಿದ್ದಳು. ಆಯಿಯಂತೂ ಅಳಿಯನಿಗೆ ಕಳಿಸಲು ಅಟ್ಟದ ಈರುಳ್ಳಿ ಗೊಂಚಲಿನಲ್ಲಿ ಒಳ್ಳೆಯವನ್ನು ಆರಿಸತೊಡಗಿದ್ದಳು.

“ಈರುಳ್ಳಿ ಬಿಡೂದಿಲ್ಲ ಆಯಿ ಅಲ್ಲಿ, ಕಸ್ಟಮ್ಸಿನವ್ರು.”

“ಕುಮಟೆ ಈರುಳ್ಳಿ ಅಂತ ಹೇಳು. ತಿಂದು ನೋಡ್ಲಿ ಬೇಕಾರೆ.”

“ಒಣಮೀನೂ ಕಟ್ಟಿಟ್ಟಿದ್ಯಲ, ಅದ್ಕೆಂತ ಹೇಳೂದು?”

“ಅದ್ಕೆ ಹೇಳೂದೇ ಬೇಡ, ವಾಸನೆ ಬಂದ ಕೂಡ್ಲೇ ಅವ್ರಿಗೇ ಗೊತ್ತಾಗ್ತದೆ.”

ಮಕ್ಕಳನ್ನು ರೈಲಿನಲ್ಲಿ ಗೋವಾಕ್ಕೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿಕೊಂಡು ಬಂದೆ. ಔಷಧಿ, ಕೊಡೆ, ಟಾರ್ಚು, ನೀಲಿ ಪಂಪು ಇನ್ನೊಂದು, ಮತ್ತೂ ಒಂದು. ಕೊಂಡದ್ದನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು, ಇನ್ನೇನೋ ಬಿಟ್ಟುಹೋಗಿದೆ ಎಂದು ಎಣಿಸುತ್ತಾ ಕೂರುತ್ತಿದ್ದೆ. ಏನೆಂದು ಮಾತ್ರ ಹೊಳೆಯುತ್ತಿರಲಿಲ್ಲ.

ಅದು ಗೊತ್ತಾದದ್ದು ಬಾಡದ ಸಮುದ್ರತೀರದಲ್ಲಿ. ಒಂದು ಭಾನುವಾರ ಅಕ್ಕ ಮಕ್ಕಳೊಂದಿಗೆ ಆಯಿಯ ಮನೆಗೆ ಬಂದಿದ್ದಳು. ಸಂಜೆಯ ಮುಂಚೆ ನಾನು ಮಕ್ಕಳಿಬ್ಬರಿಗೂ ಹೊಸ ಶೂ ಹಾಕಿಸಿ, ಬೆನ್ನಿಗೆ ಚೀಲ ಏರಿಸಿ, ಮರಳಿನ ಮೇಲೆ ನಡೆಸಿದೆ. ತಾಲೀಮು ಎಂದೆ. ಬಲೆ ಒಣಹಾಕುತ್ತಿದ್ದವರು “ಎಲ್ಲಿಗೆ ದಂಡಯಾತ್ರೆ?” ಎಂದರು. “ಆಫ್ರಿಕಾಕ್ಕೆ,” ಎಂದಳು ಹುಡುಗಿ. “ಹಾಂಗಾರೆ ಎಡಕ್ಕೆ ಹೋಗಿ, ಹತ್ರ ಆಗ್ತದೆ,” ಎಂದು ಸಮುದ್ರದ ಕಡೆ ಕೈ ತೋರಿಸಿದರು.

ಹುಡುಗಿ ಮುಂದೆ ಹೋದಳು. ಹುಡುಗ ಹಿಂದುಳಿದ. ಒಂದು ಕಡೆ ನಿಂತು ದೂರದ ದೋಣಿ ನೋಡಿದ. ಇನ್ನೊಂದು ಕಡೆ ಸತ್ತ ಏಡಿ ನೋಡಿದ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಮತ್ತೆ ಸ್ವಲ್ಪ ನಡೆದು, ಶೂ ಕಟ್ಟಿಕೊಳ್ಳಲು ಬಗ್ಗಿದ. ಅವನ ಶೂಗೆ ದಾರವೇ ಇರಲಿಲ್ಲ. ಪಟ್ಟಿ ಅಂಟಿಸುವ ಶೂ, ನಾನೇ ಕೊಡಿಸಿದ್ದು.

ಹತ್ತಿರ ಹೋದಾಗ ಕೇಳಿಸಿತು. ಅಲೆಯ ಸದ್ದಿನ ನಡುವೆ ಅವನ ಎದೆಯೊಳಗಿನ ಸಣ್ಣ ಸೀಟಿ. ಹೆಗಲು ಮೇಲಕ್ಕೇರಿತ್ತು, ತುಟಿ ಬಣ್ಣ ಕಳೆದುಕೊಂಡಿತ್ತು. “ಪಂಪು ಎಲ್ಲಿ?” ಎಂದೆ. ಅವನು ಮನೆಯ ಕಡೆ ಕೈ ಮಾಡಿದ. ನನ್ನ ಚೀಲದಲ್ಲಿ ನೀಲಿ ಪಂಪು ಇತ್ತು, ಚಿಂತೆ ಮಾಡುವವಳು ನಾನೊಬ್ಬಳೇ ಆದ್ದರಿಂದ. ಅವನನ್ನು ಬೋರಲು ಹಾಕಿದ ದೋಣಿಗೆ ಒರಗಿಸಿ ಕೂರಿಸಿದೆ. ಎಳೆದ, ಹಿಡಿದ, ಬಿಟ್ಟ. ಮತ್ತೆ ಎಳೆದ. ಆಮೇಲೆ ಪಂಪನ್ನು ನನ್ನ ಕೈಯಿಂದ ತೆಗೆದು ಅವನೇ ಹಿಡಿದುಕೊಂಡ. ಮುಂದೆ ಹೋಗಿದ್ದ ಹುಡುಗಿ ಓಡಿ ಬಂದು ತಮ್ಮನ ಬೆನ್ನು ಸವರುತ್ತಾ ಕೂತಳು.

ಸೀಟಿ ನಿಂತ ಮೇಲೆ ಕೇಳಿದೆ, “ಕಂದು ಪಂಪು ಬಿಟ್ಟಿದ್ಯಾ?”

“ಬಿಟ್ಟದ್ದಲ್ಲ.”

“ಮತ್ತೆ?”

“ತಗಂಡದ್ದಿಲ್ಲ ಅಷ್ಟೇ.”

“ಯಾವಾಗಿಂದ?”

ಅವನು ಮರಳಿನಲ್ಲಿ ಬೆರಳಾಡಿಸಿದ. “ಹೂ ಬಲಕ್ಕೆ ಬಿದ್ದ ಮೇಲೆ. ದೇವ್ರು ಹೋಗಿಬರ್ಲಕ್ಕು ಅಂತ ಹೇಳ್ತು. ಅಂದ್ರೆ ನಂಗೆ ಎಂತದೂ ಆಗೂದಿಲ್ಲ ಅಂತ ಆಯ್ತಲ. ಮತ್ತೂ ಪಂಪು ತಗಂಡ್ರೆ ನಂಬಿದ್ದಿಲ್ಲ ಅಂತ ಆಗ್ತದೆ. ನಂಬಿದ್ದಿಲ್ಲ ಅಂದ್ರೆ ಆ ಪ್ರಸಾದ ನಡೀತದಾ?”

ಇಷ್ಟು ವರ್ಷ ವಾದ ಕಲಿಸಿದ್ದೇನೆ. ಇದರಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಉಳಿದವರೆಲ್ಲ ಹೂವನ್ನು ನಂಬಿಯೂ ಬಾಗಿಲಿಗೆ ಚಿಲಕ ಹಾಕಿ ಮಲಗುವವರು. ನಂಬಿಕೆಯನ್ನು ಅದರ ಕೊನೆಯವರೆಗೆ ನಡೆಸಿಕೊಂಡು ಹೋದವನು ಈ ಹುಡುಗ ಒಬ್ಬನೇ. ಅದು ಅವನನ್ನು ಈ ದೋಣಿಯ ಪಕ್ಕ ತಂದು ಕೂರಿಸಿತ್ತು.

“ಅಮ್ಮಂಗೆ ಹೇಳ್ಬೇಡ ಚಿಕ್ಕಿ. ಹೇಳಿದ್ರೆ ಹೋಗೂದೇ ಬೇಡ ಅಂತಾಳೆ.”

“ಹೇಳ್ತೆ,” ಎಂದೆ.

ಹೇಳಿದೆ. ಆಯಿಯ ಅಡುಗೆಮನೆಯಲ್ಲಿ ಅಕ್ಕ ಬಸಳೆ ಹೆಚ್ಚುತ್ತಿದ್ದಳು. ಕತ್ತಿಮಣೆಯಿಂದ ಎದ್ದು ಮಗನ ಎದೆಗೆ ಕಿವಿ ಇಟ್ಟು ಕೇಳಿದಳು. ಆಮೇಲೆ, ಅವನು ಹೇಳಿದ ಹಾಗೆಯೇ, “ಹೋಗೂದೇ ಬೇಡ,” ಎಂದಳು.

ನಾನು ಗುಡಿಯಲ್ಲಿ ಬಯಸಿದ್ದು ಈಗ ಕೈಗೆ ಬಂದಿತ್ತು. ‘ಸರಿ’ ಎಂದರೆ ಮುಗಿಯಿತು. ಟಿಕೆಟ್ಟು ರದ್ದು ಮಾಡಿಸಿ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಹುಡುಗ ಬಾಗಿಲ ಚೌಕಟ್ಟಿಗೆ ಆನಿಕೊಂಡು, ತಾಯಿಯನ್ನಲ್ಲ, ನನ್ನನ್ನು ನೋಡುತ್ತಿದ್ದ. ಕಟ್ಟೆಯ ಮೇಲೆ ನೀರಿನ ಬಾಟಲಿ ಕಾಯುವಾಗಲೂ ಅವನು ಹೀಗೇ ನೋಡುತ್ತಿದ್ದನೇನೋ.

“ದೇವ್ರೇ ಹೂಂ ಅಂದ ಮೇಲೆ ಅಮ್ಮ ಬೇಡ ಅಂದ್ರೆ ಹೆಂಗೆ?” ಎಂದಳು ಹುಡುಗಿ.

“ಒಂದು ನಿಮಿಷ,” ಎಂದೆ. ಇಲ್ಲಿ ಲೋಟ ಎತ್ತಿಕೊಂಡು ಹೋಗುವವರು ಯಾರೂ ಇರಲಿಲ್ಲ. “ಆಯಿ, ನೀ ಅವತ್ತು ಕೇಳಿದ್ದೆಂತ?”

“ಹೋಗಿಬರೂದು ಆಗೂದೋ ಅಂತ.”

“ಔಷಧಿ ಬಿಡ್ಲಕ್ಕೋ ಅಂತ ಕೇಳಿದ್ಯಾ?”

“ಅದ್ನ ಯಾರು ಕೇಳ್ತಾರೆ?”

“ಕೇಳದ್ದಕ್ಕೆ ಇಂವ ಉತ್ರ ಹಿಡ್ಕಂಡು ಕೂತಿದ್ದಾನೆ.”

ಆಯಿ ಬಸಳೆಯ ಬುಟ್ಟಿ ಪಕ್ಕಕ್ಕೆ ಸರಿಸಿದಳು. “ಹಾಂಗಾರೆ ಮತ್ತೊಂದು ಸಲ ಕೇಳುವಾ. ಇಂವ ಆ ಹುಲ್ಲಲ್ಲಿ ನಡೀಲಕ್ಕೋ ಬೇಡ್ವೋ ಅಂತ. ಈ ಸಲ ನೀನೇ ಕೇಳು. ಮಾತು ಬಿಡಿಸಿ ಕೇಳೂದು ನಿಂಗೇ ಬರ್ತದೆ.”

ನಾನು ಬೀಸಿದ ಬಲೆಗೆ ನಾನೇ ಬಿದ್ದಿದ್ದೆ. ಮರುದಿನ ಬೆಳಿಗ್ಗೆ ಗುಡಿಗೆ ನಡೆಯುವಾಗ ಎರಡೂ ಕಡೆ ಲೆಕ್ಕ ಹಾಕಿದೆ. ಬಲಕ್ಕೆ ಬಿದ್ದರೆ ಹುಡುಗ ಮತ್ತೆ ಪಂಪು ಮೂಲೆಗೆಸೆಯುತ್ತಾನೆ, ಈ ಸಲ ಇನ್ನೂ ಗಟ್ಟಿ ನಂಬಿಕೆಯಿಂದ. ಎಡಕ್ಕೆ ಬಿದ್ದರೆ ಅವನು ಜೀವನವಿಡೀ ಜೀಪಿನಲ್ಲಿ ಕೂರುತ್ತಾನೆ, ದೇವರೇ ಕೂರಿಸಿದ್ದೆಂದು. ಎರಡರಲ್ಲಿ ಯಾವುದಾದರೂ ಅವನ ಉಸಿರನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆಯೇ.

ಗುನಗರು ಎಸಳನ್ನು ನೀರಿಗೆ ಅದ್ದಿದರು. “ಎಂತ ಕೇಳೂದು?”

ಎಲ್ಲರೂ ನನ್ನ ಕಡೆ ನೋಡಿದರು.

“ಹೂ ಬೇಡ,” ಎಂದೆ. “ಆ ಬಾವಿಯವ್ರ ಹಾಂಗೆ ಮಾಡುವಾ. ಇಂವ ನಡೆಯಲ್ಲಿ ನಿಂತು ಮಾತು ಕೊಡ್ಲಿ.”

ಆಯಿ ಗುನಗರನ್ನು ನೋಡಿದಳು. ಗುನಗರು ಎಸಳನ್ನು ತಟ್ಟೆಗೆ ಹಾಕಿದರು. “ಆಗ್ತದೆ. ಹೇಳು ತಮಾ.”

ಹುಡುಗ ಕಲ್ಲಿನ ಮೇಲೆ ಹತ್ತಿದ. ಬರಿಗಾಲಿನ ಬೆರಳುಗಳನ್ನು ಮಡಚಿಕೊಂಡು ನಿಂತ. “ಕಂದು ಪಂಪು ದಿನಾ ಎರಡು ಸಲ ತಗಳ್ತೆ. ಅಲ್ಲಿ ಹೋದ ಮೇಲೂ ತಗಳ್ತೆ. ನೀಲಿದು ಕಿಸೆಲೇ ಇಡ್ತೆ.” ನನ್ನ ಕಡೆ ಓರೆಯಾಗಿ ನೋಡಿದ. “ಉಸಿರು ಕಟ್ಟಿದ್ರೆ ಕೂಡ್ಲೇ ಹೇಳ್ತೆ. ಶೂ ಕಟ್ಟೂ ನಾಟಕ ಮಾಡೂದಿಲ್ಲ.”

“ಸಾಕು, ಇಳಿ,” ಎಂದಳು ಅಕ್ಕ, ಸೆರಗಿನಿಂದ ಮೂಗು ಒರೆಸುತ್ತಾ.

ಅವನು ಇಳಿಯಲಿಲ್ಲ. “ಈಗ ಚಿಕ್ಕಿ ಹೇಳ್ಲಿ.”

“ನಾನೆಂತ ಹೇಳೂದು?”

“ನಾ ಉಸಿರು ಕಟ್ತದೆ ಅಂತ ಹೇಳಿದ ಕೂಡ್ಲೇ ಪ್ರವಾಸನೇ ಬೇಡ ಅಂತ ಹೇಳೂದಿಲ್ಲ ಅಂತ. ನಿಂಗೆ ಹೆದ್ರಿಕೆ ಆಯ್ತು ಅಂತ ನನ್ನ ಜೀಪಲ್ಲಿ ಕೂರ್ಸೂದಿಲ್ಲ ಅಂತ. ಇಲ್ದೇ ಹೋದ್ರೆ ನಾ ಯಾಕೆ ಖರೆ ಹೇಳ್ತೆ?”

“ಸಮಾ ಕೇಳಿದ,” ಎಂದರು ಗುನಗರು.

“ನಾ ದೇವ್ರ ನಂಬೂದಿಲ್ಲಲ. ಇಲ್ಲಿ ನಿಂತು ನಾ ಕೊಟ್ಟ ಮಾತಿಗೆ ಎಂತ ಬೆಲೆ?”

“ನೀ ನಂಬೂದು ಬೇಡ. ನಾ ನಂಬ್ತೆ. ನಂಗೆ ಕೊಡು.”

ಹುಡುಗಿ ಕೆಮ್ಮಿದಳು. ಸ್ಪರ್ಧೆಯಲ್ಲಿ ಯಾರಾದರೂ ಸೋತಾಗ ಅವಳು ಕೆಮ್ಮುವ ರೀತಿ ನನಗೆ ಗೊತ್ತು. ನಾನು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಹತ್ತಿದೆ. ಕಲ್ಲು ತಣ್ಣಗಿತ್ತು, ಎಣ್ಣೆಯಿಂದ ಜಾರುತ್ತಿತ್ತು. ವಿಗ್ರಹದ ಕಡೆ ನೋಡದೆ ಅವನ ಕಡೆ ನೋಡಿ, ಅವನು ಕೇಳಿದ ಎರಡನ್ನೂ ಹೇಳಿದೆ. ಒಂದೇ ಒಂದು ಷರತ್ತು ಸೇರಿಸಿದೆ: ಬೇಲಿ ಇರುವ ಜಾಗ, ಚಿಕಿತ್ಸಾಲಯಕ್ಕೆ ಹತ್ತಿರ, ಅಲ್ಲಿಂದ ನಡಿಗೆ, ಹಿಂದೆ ಒಂದು ಗಾಡಿ. ಅವನು ಯೋಚಿಸಿ ತಲೆಯಾಡಿಸಿದ.

“ಬೇಲಿ,” ಎಂದಳು ಹುಡುಗಿ ಬೇಸರದಿಂದ. “ಇಷ್ಟೆಲ್ಲ ಮಾಡಿ ಬೇಲಿ.”

“ನೀ ಬೇಕಾರೆ ಹೊರಗೆ ಮಲಕ್ಕೊ,” ಎಂದಳು ಆಯಿ.

ಅದಾದ ಮೇಲೆ ನನ್ನ ಚಿಂತೆ ಕಡಿಮೆಯಾಯಿತು ಎಂದರೆ ಸುಳ್ಳಾಗುತ್ತದೆ. ಮಾತು ಕೊಟ್ಟ ಮೇಲೆ ಒಂದು ಬಾಗಿಲು ಮುಚ್ಚಿತು: ಹೆದರಿಕೊಂಡು ಹಿಂದೆ ಸರಿಯುವ ಬಾಗಿಲು. ಈಗ ಹೆದರಿಕೊಂಡೇ ಮುಂದೆ ಹೋಗಬೇಕು. ಕತ್ತಲಾದ ಮೇಲೆ ವಿಮಾನ ಇಳಿಯುವುದಿಲ್ಲ ಎಂಬುದು ಈಗಲೂ ನಿಜ. ಹುಲ್ಲು ಈಗಲೂ ಒಣಗಿಯೇ ಇದೆ, ಭಾವ ನಿನ್ನೆ ಚಿತ್ರ ಕಳಿಸಿದ್ದರು.

ಮುಂದಿನ ವಾರ ಹೊರಡುತ್ತೇವೆ. ಚೀಲ ಕಟ್ಟಿದ್ದಾಗಿದೆ, ನೀಲಿ ಪಂಪುಗಳನ್ನು ಮೂರು ಚೀಲಗಳಿಗೆ ಹಂಚಿ ಹಾಕಿದ್ದೇನೆ, ಒಂದು ಕಳೆದರೂ ಎರಡು ಉಳಿಯಲಿ ಎಂದು. ಗುಡಿಯಿಂದ ಬಂದ ದಿನದಿಂದ ಹುಡುಗ ಬೆಳಿಗ್ಗೆ ಸಂಜೆ ಹೊನ್ನಾವರದಿಂದ ನನ್ನ ಫೋನಿಗೆ ಒಂದು ಧ್ವನಿ ಸಂದೇಶ ಕಳಿಸುತ್ತಾನೆ. ನಾನು ಕೇಳಿದ್ದಲ್ಲ, ಅವನಾಗಿಯೇ ಕಳಿಸುವುದು. ಅದರಲ್ಲಿ ಮಾತಿರುವುದಿಲ್ಲ. ಪಂಪು ಅಲುಗಾಡಿಸುವ ಸದ್ದು, ಒತ್ತಿದಾಗ ಬರುವ ‘ಪುಸ್’, ಅವನು ಎಳೆದುಕೊಳ್ಳುವ ಉಸಿರು. ಆಮೇಲೆ ಏನೂ ಇಲ್ಲ. ಡಾಕ್ಟರು ಹೇಳಿಕೊಟ್ಟಂತೆ ಅವನು ಉಸಿರನ್ನು ಒಳಗೇ ಹಿಡಿದಿಟ್ಟಿರುತ್ತಾನೆ.

ಇವತ್ತು ಬೆಳಿಗ್ಗೆ ಅದು ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಪಕ್ಕದವರು ಏನೋ ಕೇಳಿದರು, ಕೈಯೆತ್ತಿ ತಡೆದೆ. ಅವನು ಬಿಡುವವರೆಗೆ ನಾನೂ ಉಸಿರು ಬಿಡುವುದಿಲ್ಲ. ಆ ಮೌನ ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ, ಅವನ ಎದೆ ಗಟ್ಟಿಯಾಗುತ್ತಿದೆ ಎಂದು ಅದರ ಅರ್ಥ. ನನಗೆ ಮಾತ್ರ ಅಷ್ಟು ಹೊತ್ತು ಹಿಡಿಯುವುದು ಕಷ್ಟವಾಗುತ್ತಿದೆ. ಕೊನೆಗೆ ಅವನು ಬಿಟ್ಟ. ಆಮೇಲೆ ನಾನು.